ಕಿಲುಬಿಗೆ ಕೇಬಲ್ ಮದ್ದಲ್ಲ

ಹಳೇ ಆಂಪ್ಲಿಫೈಯರ್ ಒಂದು ವಾಲ್ಯೂಮ್ ತಿರುಗಿಸಿದಾಗಲೆಲ್ಲ ಕರಕರ ಅಂದರೆ, ಅಥವಾ ಅದರ ಎಡಗಡೆ ಸ್ಪೀಕರ್ ಮನಸ್ಸು ಬಂದಾಗ ಮಾತ್ರ ಹಾಡಿದರೆ, ನಮ್ಮ ಬೆಂಗಳೂರಿನಲ್ಲಿ ಮೂರು ಬಗೆಯ ಸಲಹೆ ಪುಕ್ಕಟೆ ಸಿಗುತ್ತೆ. ಆಫೀಸಿನ ಗೆಳೆಯ, "ಬಿಸಾಕು ಗುರೂ, ಒಂದು ಬ್ಲೂಟೂತ್ ಸ್ಪೀಕರ್ ತಗೋ" ಅಂತಾನೆ. ಅಪಾರ್ಟ್‌ಮೆಂಟಿನ ಎಲೆಕ್ಟ್ರಿಷಿಯನ್, "ಒಂದು ಸ್ಪ್ರೇ ಹೊಡೆದ್ರೆ ಸರಿಹೋಗುತ್ತೆ ಸಾರ್" ಅಂತಾನೆ. ಆಡಿಯೋ ಹುಚ್ಚು ಹತ್ತಿದ ಮೂರನೆಯವರು ಒಬ್ಬರು ಇರ್ತಾರೆ. ಅವರು ನಿಮ್ಮ ಸಿಸ್ಟಮ್ಮಿನ ಹಿಂದೆ ಬಗ್ಗಿ ನೋಡಿ, ಮುಖ ಸಣ್ಣದು ಮಾಡಿಕೊಂಡು, "ಮೊದಲು ಈ ಕೇಬಲ್ ತೆಗೀರಿ, ಚಿನ್ನದ ಲೇಪ ಇರೋದು ಹಾಕಿ, ಆಮೇಲೆ ಮಾತಾಡೋಣ" ಅಂತಾರೆ. ಈ ಮೂರೂ ಸಲಹೆಗಳ ಮೇಲೆ ನನಗೆ ತಕರಾರಿದೆ. ಈ ಲೇಖನ ಪೂರ್ತಿ ಆ ತಕರಾರೇ.

ಮೊದಲು ಒಂದು ಪದದ ವಿಷಯ ಇತ್ಯರ್ಥ ಮಾಡ್ಕೊಳ್ಳೋಣ. ಆಕ್ಸಿಡೇಶನ್ ಅಂದ ತಕ್ಷಣ ನಮ್ಮವರು ಕನ್ನಡದಲ್ಲಿ 'ತುಕ್ಕು' ಅಂದುಬಿಡ್ತಾರೆ. ತುಕ್ಕು ಹಿಡಿಯೋದು ಕಬ್ಬಿಣಕ್ಕೆ. ತಾಮ್ರಕ್ಕೆ, ಹಿತ್ತಾಳೆಗೆ ಹಿಡಿಯೋದು ಕಿಲುಬು. ನಾನು ಹುಟ್ಟಿ ಬೆಳೆದದ್ದು ಮಲೆನಾಡಿನ ಹಳ್ಳಿಯಲ್ಲಿ. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು, ಕತ್ತಿಗೆ ತುಕ್ಕು, ದೇವರ ದೀಪಕ್ಕೆ ಕಿಲುಬು ಹಿಡಿಯೋ ಜಾಗ ಅದು. ತುಕ್ಕು ಕಬ್ಬಿಣವನ್ನ ತಿನ್ನುತ್ತೆ, ಪದರ ಪದರವಾಗಿ ಉದುರಿಸುತ್ತೆ, ಕೊನೆಗೆ ತೂತು ಮಾಡುತ್ತೆ. ಕಿಲುಬು ಹೆಚ್ಚಿನ ಮಟ್ಟಿಗೆ ಮೇಲೆ ಕೂತಿರೋ ಚರ್ಮ. ತೆಗೆದರೆ ಅಡಿಯಲ್ಲಿ ಲೋಹ ಗಟ್ಟಿಯಾಗೇ ಇರುತ್ತೆ. ಅಜ್ಜಿ ಕಾಲದ ತಂಬಿಗೆ ಇವತ್ತೂ ಮನೆಯಲ್ಲಿದೆ, ಅದೇ ಕಾಲದ ಕಬ್ಬಿಣದ ಬಕೆಟ್ಟು ಎಲ್ಲೂ ಇಲ್ಲ. ಈ ಒಂದು ವ್ಯತ್ಯಾಸ ತಲೆಯಲ್ಲಿದ್ದರೆ 'ಬಿಸಾಕು' ಅನ್ನೋ ಸಲಹೆ ಅರ್ಧ ಅಲ್ಲೇ ಬಿದ್ದುಹೋಗುತ್ತೆ.

ಅಮ್ಮಂದಿರಿಗೆ ಇದರ ರಸಾಯನಶಾಸ್ತ್ರ ಚೆನ್ನಾಗಿ ಗೊತ್ತು. ಹುಣಸೆಹಣ್ಣಿನಲ್ಲಿರೋ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನ ಕರಗಿಸುತ್ತೆ. ಅದಕ್ಕೇ ದೀಪ ತಿಕ್ಕೋಕೆ ಹುಣಸೆಹುಳಿ. ಬೆಳ್ಳಿ ಕಾಲ್ಗೆಜ್ಜೆ ಕಪ್ಪಾಗೋದು ಬೇರೆ ಕಾರಣಕ್ಕೆ. ಅಲ್ಲಿ ಆಮ್ಲಜನಕದ ಪಾತ್ರಕ್ಕಿಂತ ಗಂಧಕದ ಪಾತ್ರ ದೊಡ್ಡದು. ಕಪ್ಪು ಪದರ ಬೆಳ್ಳಿಯ ಸಲ್ಫೈಡು. ಇನ್ನು ಹಿತ್ತಾಳೆ ಪಾತ್ರೆಯ ಒಳಗೆ ಕಿಲುಬು ಹಿಡಿದು ಹುಳಿಸಾರು ಕೆಡಬಾರದು ಅಂತ ಕಲಾಯಿಯವನು ಹಾಕಿಕೊಡ್ತಿದ್ದದ್ದು ತವರದ ಲೇಪ. ನಿಮ್ಮ ಆಂಪ್ಲಿಫೈಯರ್ ಬಿಚ್ಚಿದರೆ ಈ ಮೂರೂ ಕಥೆ ಒಳಗಿವೆ. ಹಿಂದಿನ ಜ್ಯಾಕುಗಳು ಬಹುಪಾಲು ಹಿತ್ತಾಳೆ, ಮೇಲೆ ನಿಕ್ಕಲ್ಲೋ ತವರವೋ ಚಿನ್ನವೋ ಬಳಿದಿರುತ್ತಾರೆ. ಸೆಲೆಕ್ಟರ್ ಸ್ವಿಚ್ಚಿನ ಮತ್ತು ರಿಲೇಯ ಒಳಗಿನ ಸಂಪರ್ಕಗಳಲ್ಲಿ ಬೆಳ್ಳಿ ಇರುತ್ತೆ. ಸ್ಪೀಕರ್ ವೈರು ತಾಮ್ರ. ಹಳೇ ಪಾರದರ್ಶಕ ವೈರಿನ ಒಳಗೆ ಹಸಿರು ಬಣ್ಣ ಓಡಿರೋದನ್ನ ನೀವೂ ನೋಡಿರ್ತೀರಿ. ಅದು ನಮ್ಮ ದೀಪದ ಕಿಲುಬಿನ ಹತ್ತಿರದ ನೆಂಟ.

ಸರಿ, ಪಾತ್ರೆಗೆ ಕಿಲುಬು ಹಿಡಿದರೆ ನೋಡೋಕೆ ಚೆಂದ ಇಲ್ಲ, ಅಷ್ಟೆ. ಕರೆಂಟಿಗೆ ಯಾಕೆ ತೊಂದರೆ?

ಎರಡು ಲೋಹಗಳು ಮುಟ್ಟಿಕೊಂಡಿವೆ ಅಂತ ನಾವು ಅಂದುಕೊಳ್ತೀವಲ್ಲ, ಅವು ನಿಜವಾಗಿ ಮುಟ್ಟೋದು ಬಹಳ ಕಡಿಮೆ ಜಾಗದಲ್ಲಿ. ಎಷ್ಟೇ ನುಣುಪಾದ ಲೋಹವೂ ಹತ್ತಿರದಿಂದ ನೋಡಿದರೆ ಪಶ್ಚಿಮ ಘಟ್ಟದ ಥರಾ ಏರುಪೇರು. ಒಂದರ ಶಿಖರ ಇನ್ನೊಂದರ ಶಿಖರಕ್ಕೆ ತಾಗಿದ ಕೆಲವೇ ಚುಕ್ಕೆಗಳಲ್ಲಿ ಕರೆಂಟೆಲ್ಲ ದಾಟಬೇಕು. ರಾಗ್ನರ್ ಹೋಲ್ಮ್ ಅನ್ನೋ ವಿಜ್ಞಾನಿ ತಮ್ಮ ಜೀವಮಾನದ ದೊಡ್ಡ ಪಾಲನ್ನ ಈ ಚುಕ್ಕೆಗಳ ಅಧ್ಯಯನಕ್ಕೇ ಕೊಟ್ಟರು. 'ಎಲೆಕ್ಟ್ರಿಕ್ ಕಾಂಟ್ಯಾಕ್ಟ್ಸ್' ಅನ್ನೋ ಅವರ ಪುಸ್ತಕ ಇವತ್ತಿಗೂ ಈ ಕ್ಷೇತ್ರದವರ ಮೂಲ ಗ್ರಂಥ. ಆ ಚುಕ್ಕೆಗಳ ನಡುವೆ ಕಿಲುಬಿನ ಪದರ ನುಸುಳಿದರೆ ದಾರಿ ಕಿರಿದಾಗುತ್ತೆ. ಕೆಲವು ಸಲ ಪೂರಾ ಮುಚ್ಚುತ್ತೆ.

ಹಾಗಿದ್ದರೆ ಗೋಡೆಯ ಸ್ವಿಚ್ಚಿಗೆ, ಮಿಕ್ಸಿಯ ಪ್ಲಗ್ಗಿಗೆ ಈ ರೋಗ ಇಷ್ಟು ಬೇಗ ಯಾಕೆ ಬರೋದಿಲ್ಲ? ಅಲ್ಲಿ 230 ವೋಲ್ಟ್ ಇದೆ. ಆ ಒತ್ತಡಕ್ಕೆ ತೆಳುವಾದ ಪದರ ಹರಿದುಹೋಗುತ್ತೆ, ಸಣ್ಣ ಕಿಡಿ ಹಾರಿ ಜಾಗ ತಾನಾಗೇ ಸ್ವಚ್ಛ ಆಗ್ತಿರುತ್ತೆ. ಆಡಿಯೋದಲ್ಲಿ ಆ ಭಾಗ್ಯ ಇಲ್ಲ. ಸಿಡಿ ಪ್ಲೇಯರಿನಿಂದ ಹೊರಡೋದು ಹೆಚ್ಚೆಂದರೆ 2 ವೋಲ್ಟ್ ಆಸುಪಾಸು. ಗ್ರಾಮೊಫೋನ್ ತಟ್ಟೆಯ ಮೇಲಿನ ಸಾಮಾನ್ಯ ಕಾರ್ಟ್ರಿಜ್‌ನಿಂದ ಬರೋದು ಸುಮಾರು 5 ಮಿಲಿವೋಲ್ಟ್. ಇಷ್ಟು ಬಡಕಲು ಸಿಗ್ನಲ್ಲಿಗೆ ಕಿಲುಬನ್ನ ಭೇದಿಸೋ ತಾಕತ್ತಿಲ್ಲ. ಬಾಗಿಲು ತೆಗೆದಿದ್ದರೆ ಒಳಗೆ ಬರುತ್ತೆ, ಹಾಕಿದ್ದರೆ ಹೊರಗೇ ನಿಲ್ಲುತ್ತೆ.

ಇನ್ನೊಂದು ತಮಾಷೆ ಇದೆ. ತಾಮ್ರದ ಕೆಂಪು ಆಕ್ಸೈಡು ಒಂದು ಅರೆವಾಹಕ. 1920ರ ದಶಕದ ಕೊನೆಯ ಹೊತ್ತಿಗೆ ಇದೇ ತಾಮ್ರದ ಆಕ್ಸೈಡನ್ನ ಬಳಸಿ ಎಸಿಯನ್ನ ಡಿಸಿ ಮಾಡೋ ರೆಕ್ಟಿಫೈಯರ್‌ಗಳು ಬಂದವು. ಬ್ಯಾಟರಿ ಚಾರ್ಜರ್‌ಗಳಲ್ಲಿ, ಮೀಟರ್‌ಗಳಲ್ಲಿ ಅವು ದುಡಿದವು. ಅಂದರೆ ಕಿಲುಬು ಹಿಡಿದ ಸಂಪರ್ಕ ಬರೀ ಅಡ್ಡಗೋಡೆ ಆಗದೆ, ಒಂದು ದಿಕ್ಕಿಗೆ ಹೆಚ್ಚು ಬಿಟ್ಟು ಇನ್ನೊಂದು ದಿಕ್ಕಿಗೆ ಕಡಿಮೆ ಬಿಡೋ ಕೆಟ್ಟ ಡಯೋಡ್ ಕೂಡ ಆಗಬಹುದು. ದನಿ ಸಣ್ಣದಾಗೋದರ ಜೊತೆಗೆ ಒಡೆದು ಕೇಳಿಸೋದು ಅದಕ್ಕೇ.

ಒಂದು ನಿಜವಾದ ಪ್ರಸಂಗ ಹೇಳ್ತೀನಿ. ಗೆಳೆಯನೊಬ್ಬನ ತಂದೆ ನಿವೃತ್ತ ಮೇಷ್ಟ್ರು. ಎಂಬತ್ತರ ದಶಕದಲ್ಲಿ ಸಂಬಳದಲ್ಲಿ ಉಳಿಸಿ ಉಳಿಸಿ ಕೊಂಡ ಆಂಪ್ಲಿಫೈಯರ್ ಒಂದು ಅವರ ಹತ್ತಿರ ಇದೆ. ಎರಡು ವರ್ಷದಿಂದ ಅದರ ಬಲಗಡೆ ಚಾನೆಲ್ ಸಣ್ಣ ದನಿಯಲ್ಲಿ ಹಾಡೋದಿಲ್ಲ. ಮೇಷ್ಟ್ರು ಒಂದು ಉಪಾಯ ಕಂಡುಕೊಂಡಿದ್ದರು. ಸಂಜೆ ಕೂತ ತಕ್ಷಣ ವಾಲ್ಯೂಮನ್ನ ಒಂದೇ ಸಲ ಏರಿಸೋದು, ಬಲಗಡೆ ಸ್ಪೀಕರ್ 'ಟಪ್' ಅಂತ ಎದ್ದ ಮೇಲೆ ಇಳಿಸಿ ಆರಾಮಾಗಿ ಕೇಳೋದು. ಪಕ್ಕದ ಮನೆಯವರಿಗೆ ದಿನಾ ಸಂಜೆ ಒಂದು ಸಲ ಸಿಡಿಲು ಬಡಿದ ಹಾಗೆ. ಗೆಳೆಯ ಅದನ್ನ ಒಂದು ರಿಪೇರಿ ಅಂಗಡಿಗೆ ಒಯ್ದ. "ಔಟ್‌ಪುಟ್ ಹೋಗಿದೆ, ಪಾರ್ಟು ಸಿಗೋದು ಕಷ್ಟ, ಮೂರೂವರೆ ಸಾವಿರ ಆಗುತ್ತೆ, ಗ್ಯಾರಂಟಿ ಇಲ್ಲ" ಅಂದರಂತೆ. ಅಷ್ಟು ಕೊಟ್ಟು ಹಳೇದು ಯಾಕೆ, ಹೊಸದೇ ತಗೊಳ್ಳೋಣ ಅನ್ನೋ ಮಾತು ಮನೆಯಲ್ಲಿ ಶುರುವಾಯ್ತು. ಮೇಷ್ಟ್ರು ಏನೂ ಮಾತಾಡಲಿಲ್ಲವಂತೆ.

ರೋಗಲಕ್ಷಣ ಕೇಳಿದರೆ ಸಾಕು, ಹಳೇ ಆಂಪ್ಲಿಫೈಯರ್ ಬಿಚ್ಚಿ ಅಭ್ಯಾಸ ಇರೋರು ಮೊದಲು ಅನುಮಾನ ಪಡೋದು ಸ್ಪೀಕರ್ ರಿಲೇ ಮೇಲೆ. ಆನ್ ಮಾಡಿದ ಕೆಲವು ಸೆಕೆಂಡಿಗೆ ಒಳಗೆ 'ಟಕ್' ಅನ್ನುತ್ತಲ್ಲ, ಅದೇ ರಿಲೇ. ಆಂಪ್ಲಿಫೈಯರ್ ಕೆಟ್ಟು ಸ್ಪೀಕರಿಗೆ ಡಿಸಿ ನುಗ್ಗದಂತೆ ಕಾಯೋ ಬಾಗಿಲು ಅದು. ವರ್ಷಗಟ್ಟಲೆ ಬಾಗಿಲು ತೆಗೆದು ಹಾಕಿ ಅದರ ಸಂಪರ್ಕಗಳು ಕಪ್ಪಾಗಿರುತ್ತವೆ. ಸಣ್ಣ ದನಿಯಲ್ಲಿ ವೋಲ್ಟೇಜು ಕಡಿಮೆ, ಪದರ ದಾಟೋಕೆ ಆಗಲ್ಲ. ಏರಿಸಿದಾಗ ಪದರ ಹರಿದು ದಾರಿ ಬಿಡುತ್ತೆ, ಆಮೇಲೆ ಇಳಿಸಿದರೂ ಸ್ವಲ್ಪ ಹೊತ್ತು ದಾರಿ ತೆರೆದೇ ಇರುತ್ತೆ. ಮೇಷ್ಟ್ರು ಭೌತಶಾಸ್ತ್ರದ ಹೆಸರು ಹೇಳದೇ ಭೌತಶಾಸ್ತ್ರದ ಪ್ರಯೋಗವನ್ನೇ ದಿನಾ ಮಾಡ್ತಿದ್ದರು. ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟುಹೋಗಿದ್ದರೆ ವಾಲ್ಯೂಮ್ ಏರಿಸಿದ ಮಾತ್ರಕ್ಕೆ ಅದು ಮತ್ತೆ ಬದುಕಿ ಬರ್ತಿರಲಿಲ್ಲ. ಎಸ್‌.ಪಿ. ರೋಡಿನಲ್ಲಿ ಹುಡುಕಿ ಅದೇ ಅಳತೆಯ ಹೊಸ ರಿಲೇ ತಂದು, ಬೆಸುಗೆ ಕೆಲಸ ಬಲ್ಲವರ ಕೈಯಲ್ಲಿ ಹಾಕಿಸಿದ್ದಾಯ್ತು. ಮಾಲಿನಲ್ಲಿ ಒಂದು ಕಾಫಿಗೆ ಕೊಡೋ ದುಡ್ಡಿನ ಆಸುಪಾಸಿನ ಸಾಮಾನು ಅದು.

ಇಲ್ಲಿಂದ ನನ್ನ ಅಸಲು ವಿಷಯ ಶುರು. ನಮ್ಮ ಆಫೀಸಿನಲ್ಲಿ ಆರ್‌ಸಿಎ ಅಂದರೆ ರೂಟ್ ಕಾಸ್ ಅನಾಲಿಸಿಸ್. ಪ್ರೊಡಕ್ಷನ್ನಿನಲ್ಲಿ ಏನಾದರೂ ಬಿದ್ದರೆ ಮ್ಯಾನೇಜರ್ ಮೊದಲು ಕೇಳೋದು ಅದನ್ನೇ. ಆಂಪ್ಲಿಫೈಯರ್ ಹಿಂದಿರೋ ಜ್ಯಾಕಿನ ಹೆಸರೂ ಆರ್‌ಸಿಎ. ಅದು ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ ಅನ್ನೋ ಕಂಪನಿಯ ಹೆಸರಿನಿಂದ ಬಂದದ್ದು. ಎರಡನೇ ಆರ್‌ಸಿಎ ಕೆಟ್ಟಾಗ ಮೊದಲನೇ ಆರ್‌ಸಿಎ ಮಾಡೋರು ಯಾರೂ ಇಲ್ಲ ಅನ್ನೋದೇ ನನ್ನ ದೂರು. ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚಿದರೆ ನಮಗೆ ಬೈಗುಳ ಬೀಳುತ್ತೆ. ಮನೆಗೆ ಬಂದರೆ ಅದೇ ನಾವು ಜ್ಯಾಕನ್ನ ಒಂದು ಸಲ ತಿರುಚಿ, "ಆಯ್ತು, ಬಂತು" ಅಂತ ಕೈ ಒರೆಸಿಕೊಳ್ತೀವಿ.

ಮಾಡೋ ಕ್ರಮ ಕಷ್ಟದ್ದೇನಲ್ಲ. ಎಡ-ಬಲ ವೈರುಗಳನ್ನ ಮೂಲದ ಕಡೆ ಅದಲುಬದಲು ಮಾಡಿ. ತೊಂದರೆ ಇನ್ನೊಂದು ಸ್ಪೀಕರಿಗೆ ಹಾರಿದರೆ ದೋಷ ವೈರಿನಿಂದ ಹಿಂದೆ ಇದೆ, ಹಾರದಿದ್ದರೆ ಮುಂದೆ ಇದೆ. ಹೀಗೇ ಒಂದೊಂದೇ ಮೆಟ್ಟಿಲು ಮುಂದೆ ಬನ್ನಿ. ನಾವು ಕೋಡಿನಲ್ಲಿ ದೋಷ ಹುಡುಕೋ ಹಾಗೆಯೇ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಬಂದರೆ ಪಾಟ್ ಅನ್ನೋ ಆ ತಿರುಗೋ ರೆಸಿಸ್ಟರ್ ಮೇಲೆ ಅನುಮಾನ. ಸೆಲೆಕ್ಟರ್ ಮುಟ್ಟಿದಾಗ ಚಾನೆಲ್ ಹೋಗಿ ಬಂದರೆ ಆ ಸ್ವಿಚ್ಚು. ಜ್ಯಾಕ್ ಅಲ್ಲಾಡಿಸಿದಾಗ ಗುಂಯ್ ಅಂದರೆ ಹೊರಗಿನ ಉಂಗುರದ ಸಂಪರ್ಕ ಸಡಿಲ, ಅಥವಾ ಒಳಗೆ ಬೆಸುಗೆ ಬಿರುಕು ಬಿಟ್ಟಿದೆ. ಸಣ್ಣ ದನಿಯಲ್ಲಿ ಹೋಗಿ ದೊಡ್ಡ ದನಿಯಲ್ಲಿ ಬಂದರೆ ರಿಲೇ. ಪಾಟನ್ನ ಎಷ್ಟು ಸಲ ತೊಳೆದರೂ ಕರಕರ ವಾಪಸ್ ಬಂದರೆ, ಹಿಂದಿನ ಕೆಪಾಸಿಟರ್ ಸೋರಿ ಪಾಟ್ ಮೇಲೆ ಡಿಸಿ ಬರ್ತಿರಬಹುದು. ಅದಕ್ಕೆ ಜಗತ್ತಿನ ಯಾವ ಸ್ಪ್ರೇಯೂ ಮದ್ದಲ್ಲ, ಕೆಪಾಸಿಟರ್ ಬದಲಾಯಿಸಬೇಕು.

ಈಗ ಸ್ಪ್ರೇ ಸಲಹೆಗೆ ಬರೋಣ. ನಮ್ಮಲ್ಲಿ ಸ್ಪ್ರೇ ಅಂದರೆ ನೀಲಿ-ಹಳದಿ ಡಬ್ಬಿಯ ಡಬ್ಲ್ಯುಡಿ-40. ಬೈಕಿನ ಚೈನಿಗೂ ಅದೇ, ಗೇಟಿನ ತಿರುಗಣಿಗೂ ಅದೇ, ಆಂಪ್ಲಿಫೈಯರಿಗೂ ಅದೇ. ಅದರ ಹೆಸರೇ ಅದರ ಕೆಲಸ ಹೇಳುತ್ತೆ. ವಾಟರ್ ಡಿಸ್ಪ್ಲೇಸ್‌ಮೆಂಟ್, ನಲವತ್ತನೇ ಪ್ರಯತ್ನ. 1953ರಲ್ಲಿ ಸ್ಯಾನ್ ಡಿಯೇಗೋದ ರಾಕೆಟ್ ಕೆಮಿಕಲ್ ಕಂಪನಿ ಇದನ್ನ ತಯಾರಿಸಿದ್ದು ನೀರನ್ನ ದೂರ ಇಟ್ಟು ಲೋಹ ತುಕ್ಕು ಹಿಡಿಯದಂತೆ ಕಾಯೋಕೆ. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ಅದನ್ನ ಬಳಸಿದರು. ಆ ಕೆಲಸಕ್ಕೆ ಮೇಲೆ ಒಂದು ಜಿಡ್ಡಿನ ಪದರ ಉಳಿಯಲೇಬೇಕು. ಅದೇ ಜಿಡ್ಡು ವಾಲ್ಯೂಮ್ ಪಾಟಿನ ಒಳಗೆ ಉಳಿದರೆ ಧೂಳು ಅಂಟಿ ಕೆಸರಾಗುತ್ತೆ. ಮೊದಲ ದಿನ ಕರಕರ ನಿಂತ ಹಾಗೆ ಕಾಣುತ್ತೆ, ಯಾಕಂದ್ರೆ ದ್ರವ ಕಸವನ್ನ ಬದಿಗೆ ತಳ್ಳಿರುತ್ತೆ. ಸೆಕೆಂಡ್ ಹ್ಯಾಂಡ್ ಮಾರಾಟಗಾರರಿಗೆ ಅಷ್ಟು ದಿನ ಸಾಕು. ಕೊಂಡವರಿಗೆ ಸಾಲದು. ಇದರಲ್ಲಿ ಡಬ್ಬಿಯ ತಪ್ಪೇನಿಲ್ಲ. ಅದೇ ಕಂಪನಿ ವಿದ್ಯುತ್ ಸಂಪರ್ಕಗಳಿಗೆ ಅಂತಲೇ ಬೇರೆ ಕ್ಲೀನರ್ ಮಾರುತ್ತೆ. ಓದದೇ ಹೊಡೆಯೋದು ನಮ್ಮ ಅಭ್ಯಾಸ.

ಸ್ಪ್ರೇ ಸಿಗದಿದ್ದರೆ ನಮ್ಮವರ ಕೈಗೆ ಸಿಗೋದು ಮರಳು ಕಾಗದ ಅಥವಾ ಪೆಟ್ರೋಲ್. ಪೆಟ್ರೋಲ್ ವಿಷಯ ಮಾತಾಡೋದೇ ಬೇಡ, ಮನೆ ಉಳೀಬೇಕು. ಮರಳು ಕಾಗದ ಹಿಡಿದರೆ ಸ್ವಿಚ್ಚಿನ ಮೇಲಿನ ತೆಳು ಬೆಳ್ಳಿ ಲೇಪವೇ ಹೋಗಿ ಅಡಿಯ ಹಿತ್ತಾಳೆ ಹೊರಗೆ ಬರುತ್ತೆ. ಆಮೇಲೆ ಕಿಲುಬು ಇನ್ನೂ ಬೇಗ. ಕಲಾಯಿ ಹಾಕಿದ ಪಾತ್ರೆಯನ್ನ ಇಟ್ಟಿಗೆ ಪುಡಿಯಲ್ಲಿ ಉಜ್ಜಿದ ಹಾಗೆ. ಹುಣಸೆಹಣ್ಣೂ ಇಲ್ಲಿ ಬೇಡ. ಆಮ್ಲ ಮತ್ತು ನೀರು ಸಂದಿಯಲ್ಲಿ ಉಳಿದರೆ ಅಲ್ಲಿಂದಲೇ ಹೊಸ ಕಿಲುಬು ಶುರು. ಕಂಪ್ಯೂಟರಿನ ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಲ್ಲಿ ಉಜ್ಜೋ ವಿದ್ಯೆ ಹಾಸ್ಟೆಲ್ಲಿನಲ್ಲಿ ಇದ್ದವರಿಗೆಲ್ಲ ಗೊತ್ತು. ಅದು ಕೆಲಸ ಮಾಡುತ್ತೆ, ಆದರೆ ಅದೂ ಒಂದು ಬಗೆಯ ಮೃದು ಮರಳು ಕಾಗದವೇ. ಪ್ರತಿ ಸಲ ಚಿನ್ನದ ಒಂದು ಅಂಶ ತಗೊಂಡು ಹೋಗುತ್ತೆ.

ಸರಿಯಾದ ದಾರಿ ಬೇಸರ ಬರುವಷ್ಟು ಸರಳ. ಕೊಳೆ ಮೂರು ಬಗೆ: ಧೂಳು, ಜಿಡ್ಡು, ಕಿಲುಬು. ಧೂಳಿಗೆ ಮೆತ್ತನೆ ಬ್ರಷ್ಷು. ಒಗ್ಗರಣೆ ಹೊಗೆಯಿಂದ ಕೂತ ಜಿಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಎಷ್ಟೋ ಜನ ಇಲ್ಲಿಗೇ ನಿಲ್ಲಿಸ್ತಾರೆ, ಆದರೆ ಆಲ್ಕೋಹಾಲ್ ಕಿಲುಬನ್ನ ಕರಗಿಸೋದಿಲ್ಲ. ಅದಕ್ಕೆ ಆಕ್ಸೈಡನ್ನ ಎಬ್ಬಿಸೋ ಅಂಶ ಇರೋ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಕೇಗ್ ಕಂಪನಿಯ ಡಿಆಕ್ಸಿಟ್ ಇದರಲ್ಲಿ ಹೆಸರಾದದ್ದು. ಅದರ ಡಿ5 ಡಬ್ಬಿಯಲ್ಲಿ ಕೆಲಸ ಮಾಡೋ ದ್ರವ ಶೇಕಡಾ 5 ಮಾತ್ರ, ಉಳಿದದ್ದು ಅದನ್ನ ಒಳಗೆ ಸಾಗಿಸೋ ದ್ರಾವಕ. ಕಾರ್ಬನ್ ಪಟ್ಟಿಯ ಪಾಟುಗಳಿಗೆ ಅದೇ ಕಂಪನಿ ಎಫ್5 ಅಂತ ಬೇರೆ ಮಾಡುತ್ತೆ, ಅದರಲ್ಲಿ ಪಾಟಿಗೆ ಬೇಕಾದ ಸವಕಳಿ ತಡೆಯೋ ಜಾರುಗುಣ ಇದೆ. ಪ್ಲಗ್ ಕಿತ್ತು, ಒಳಗಿನ ದೊಡ್ಡ ಕೆಪಾಸಿಟರ್‌ಗಳ ಚಾರ್ಜು ಇಳಿಯೋಕೆ ಸಮಯ ಕೊಡಿ. ವಾಲ್ವ್ ಆಂಪ್ಲಿಫೈಯರ್ ಆಗಿದ್ದರೆ ಒಳಗೆ ನೂರಾರು ವೋಲ್ಟ್ ಇರುತ್ತೆ, ಅದನ್ನ ಬಲ್ಲವರಿಗೇ ಬಿಡಿ. ಸಂಪರ್ಕದ ಮೇಲೆ ಒಂದು ಚಿಕ್ಕ ಪುಸ್ ಸಾಕು, ಅಭಿಷೇಕ ಬೇಡ. ಆಮೇಲೆ ಸ್ವಿಚ್ಚನ್ನೋ ಪಾಟನ್ನೋ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ನಿಜವಾಗಿ ಕಿಲುಬು ಕಿತ್ತುಬರೋದು ಈ ಉಜ್ಜಾಟದಲ್ಲಿ. ದ್ರಾವಕ ಪೂರ್ತಿ ಆರಿದ ಮೇಲೆಯೇ ಆನ್ ಮಾಡಿ. ಇಷ್ಟೇ. ಅಮ್ಮ ದೀಪ ತೊಳೆಯೋಕೆ ತಗೊಳ್ಳೋ ಸಮಯಕ್ಕಿಂತ ಹೆಚ್ಚೇನೂ ಬೇಡ.

ಇನ್ನು ಮೂರನೆಯವರು, ನಮ್ಮ ಚಿನ್ನದ ಕೇಬಲ್ಲಿನವರು. ಚಿನ್ನಕ್ಕೆ ಕಿಲುಬು ಹಿಡಿಯೋದಿಲ್ಲ ಅನ್ನೋದು ನಿಜ, ಅದಕ್ಕೇ ನಮ್ಮ ಅಜ್ಜಿಯರು ಅದನ್ನ ನಂಬಿದ್ದು. ಆದರೆ ನಿಮ್ಮ ಹೊಸ ಪ್ಲಗ್ ಹೋಗಿ ಕೂರೋದು ಆಂಪ್ಲಿಫೈಯರಿನ ಹಳೇ ಜ್ಯಾಕಿನ ಮೇಲೆ. ಒಂದು ಕಡೆ ಮಾತ್ರ ಚಿನ್ನ ಇದ್ದು ಇನ್ನೊಂದು ಕಡೆ ಕಿಲುಬು ಇದ್ದರೆ ನಡುವಿನ ಗೋಡೆ ಹಾಗೇ ಉಳಿಯಿತಲ್ಲ? ಎದುರಿನದು ತವರದ ಲೇಪವಾಗಿದ್ದರಂತೂ ಚಿನ್ನ-ತವರದ ಜೋಡಿ ಕನೆಕ್ಟರ್ ಎಂಜಿನಿಯರುಗಳಿಗೆ ತಲೆನೋವಿನ ಜೋಡಿ. ಸಣ್ಣ ಕಂಪನಕ್ಕೂ ತವರ ಸವೆದು ಆಕ್ಸೈಡಿನ ಪುಡಿ ಕೂರುತ್ತೆ. ಹೊಸ ಕೇಬಲ್ ಹಾಕಿದಾಗ ದನಿ ನಿಜವಾಗಿಯೂ ಸುಧಾರಿಸೋದುಂಟು. ಹಳೇ ಪ್ಲಗ್ ಕಿತ್ತು ಹೊಸದನ್ನ ತುರುಕುವಾಗ ಜ್ಯಾಕ್ ಒಂದಿಷ್ಟು ಉಜ್ಜಿಕೊಂಡಿರುತ್ತೆ, ಅದಕ್ಕೆ. ಹಳೇ ಪ್ಲಗ್ಗನ್ನೇ ನಾಲ್ಕು ಸಲ ತೆಗೆದು ಹಾಕಿದ್ದರೂ ಅಷ್ಟೇ ಆಗ್ತಿತ್ತು. ಕೀರ್ತಿ ಮಾತ್ರ ಚಿನ್ನಕ್ಕೆ ಹೋಯ್ತು.

ಲೆಕ್ಕ ಹಾಕಿ ನೋಡೋಣ. ಕಿಲುಬಿನಿಂದ ಆರ್‌ಸಿಎ ಜ್ಯಾಕಿನ ಸಂಪರ್ಕದಲ್ಲಿ 1 ಓಮ್ ಹೆಚ್ಚುವರಿ ತಡೆ ಬಂತು ಅಂದುಕೊಳ್ಳಿ. ಆಂಪ್ಲಿಫೈಯರಿನ ಒಳಬಾಗಿಲ ತಡೆ 47,000 ಓಮ್ ಇದ್ದರೆ, ಇದರಿಂದ ಕಡಿಮೆಯಾಗೋ ದನಿ 0.0002 ಡೆಸಿಬೆಲ್ಲಿಗಿಂತಲೂ ಕಡಿಮೆ. ಯಾವ ಮನುಷ್ಯರ ಕಿವಿಗೂ ಇದು ನಿಲುಕೋದಲ್ಲ. ಅದೇ 1 ಓಮ್ ತಡೆ ಸ್ಪೀಕರ್ ಟರ್ಮಿನಲ್ಲಿನಲ್ಲಿ ಬಂದರೆ? ಸ್ಪೀಕರ್ 8 ಓಮ್ ಅಂತಿಟ್ಟುಕೊಂಡರೆ ನಷ್ಟ ಸುಮಾರು 1 ಡೆಸಿಬೆಲ್. ಒಂದು ಬದಿಯಲ್ಲಿ ಮಾತ್ರ ಹೀಗಾದರೆ ಹಾಡುವವರು ನಡುವಿನಿಂದ ಒಂದು ಬದಿಗೆ ಸರಿದ ಹಾಗೆ ಕೇಳಬಹುದು. ಅಂದರೆ ಸಮಯ ಇದ್ದರೆ ಮೊದಲು ನೋಡಬೇಕಾದದ್ದು ಸ್ಪೀಕರ್ ವೈರಿನ ತುದಿ. ಕಪ್ಪಾದ ಅಷ್ಟು ಉದ್ದ ಕತ್ತರಿಸಿ, ಹೊಸದಾಗಿ ಸುಲಿದು, ಗಟ್ಟಿಯಾಗಿ ಸಿಕ್ಕಿಸಿದರೆ ಮುಗೀತು. ಖರ್ಚು ಸೊನ್ನೆ. ಅಂಗಡಿಗಳು ಅತಿ ಹೆಚ್ಚು ದುಡ್ಡು ಕೀಳೋದು ಮಾತ್ರ ಆ 0.0002ರ ಕಡೆಯ ಕೇಬಲ್ಲಿಗೆ.

ಆಡಿಯೋ ವಿಮರ್ಶೆ ಬರೆಯೋರ ಮೇಲೆ ನನ್ನ ದೊಡ್ಡ ಆಕ್ಷೇಪ ಇಲ್ಲೇ ಇರೋದು. ಸಂಪರ್ಕ ತೊಳೆದ ಮೇಲೆ ದನಿಯಲ್ಲಿ ಜೇನು ಬಂತು, ತಂಬೂರಿಯ ನಾದ ಅರಳಿತು, ಗಾಯಕಿಯ ಉಸಿರು ಕೆನ್ನೆಗೆ ತಾಗಿತು ಅನ್ನೋ ಧಾಟಿಯಲ್ಲಿ ಬರೀತಾರೆ. ತೊಳೆಯೋದು ಔಷಧಿ, ಟಾನಿಕ್ ಥರ ಅದನ್ನ ಮಾರಬಾರದು. ರೋಗ ಇದ್ದರೆ ಗುಣ ಆಗುತ್ತೆ: ಹೋದ ಚಾನೆಲ್ ಬರುತ್ತೆ, ಕರಕರ ನಿಲ್ಲುತ್ತೆ, ಒಡಕು ದನಿ ಕೂಡುತ್ತೆ. ರೋಗ ಇಲ್ಲದಿದ್ದರೆ ಏನೂ ಆಗೋದಿಲ್ಲ, ಆಗಲೂಬಾರದು. ಆರೋಗ್ಯವಂತ ಜ್ಯಾಕಿಗೆ ತಿಂಗಳಿಗೊಮ್ಮೆ 'ಸಂಪರ್ಕ ವರ್ಧಕ' ಹಚ್ಚಿ ಅಂತ ಹೇಳೋರನ್ನ, ಎಡ ಜ್ಯಾಕಿಗೆ ಮಾತ್ರ ಹಚ್ಚಿ ಬಲ ಜ್ಯಾಕನ್ನ ಹಾಗೇ ಬಿಟ್ಟು, ಯಾವುದಕ್ಕೆ ಹಚ್ಚಿದ್ದು ಅಂತ ಹೇಳದೇ ಕೇಳಿಸಿ ನೋಡಿ. ಕಾವ್ಯ ಅಲ್ಲಿಗೆ ನಿಲ್ಲುತ್ತೆ.

ಉಳಿದದ್ದು 'ಬಿಸಾಕು' ಸಲಹೆಯ ಇನ್ನರ್ಧ. ಹೊಸ ಬ್ಲೂಟೂತ್ ಸ್ಪೀಕರಿನಲ್ಲಿ ಕಿಲುಬು ಹಿಡಿಯೋ ಜಾಗ ಕಡಿಮೆ ಅನ್ನೋದನ್ನ ನಾನು ಒಪ್ಪಿಕೊಳ್ತೀನಿ. ಜ್ಯಾಕಿಲ್ಲ, ಪಾಟಿಲ್ಲ, ಸೆಲೆಕ್ಟರ್ ಇಲ್ಲ. ಇದು ಎಂಜಿನಿಯರುಗಳ ಗೆಲುವೇ. ಆದರೆ ಅದರೊಳಗಿನ ಬ್ಯಾಟರಿ ಸತ್ತ ದಿನ ಬಿಚ್ಚೋಕೆ ಸ್ಕ್ರೂ ಕೂಡ ಕಾಣದ ಹಾಗೆ ಎಷ್ಟೋ ಸ್ಪೀಕರ್‌ಗಳನ್ನ ಅಂಟುಹಾಕಿ ಮುಚ್ಚಿರುತ್ತಾರೆ. ಹಳೇದು ನಲವತ್ತು ವರ್ಷ ಆದ ಮೇಲೆ ಒಂದು ರಿಲೇ ಕೇಳುತ್ತೆ. ಹೊಸದು ಕೆಲವು ವರ್ಷಕ್ಕೆ ಪೂರ್ತಿ ತನ್ನನ್ನೇ ಬದಲಾಯಿಸು ಅನ್ನುತ್ತೆ. ಇವೆರಡರಲ್ಲಿ ಯಾವುದು 'ಮೇಂಟೆನೆನ್ಸ್ ಜಾಸ್ತಿ'?

ನಮ್ಮದೇ ಉದ್ಯಮ ಕಿಲುಬನ್ನ ಎಷ್ಟು ಗಂಭೀರವಾಗಿ ತಗೊಳ್ಳುತ್ತೆ ಗೊತ್ತಾ? ಡೇಟಾ ಸೆಂಟರುಗಳಲ್ಲಿ ತಾಮ್ರದ ಚಿಕ್ಕ ಪಟ್ಟಿಗಳನ್ನ ಗಾಳಿಗೆ ಇಟ್ಟು, ತಿಂಗಳಿಗೆ ಎಷ್ಟು ಪದರ ಕೂತಿತು ಅಂತ ಅಳೀತಾರೆ. ಐಎಸ್‌ಎ 71.04 ಅನ್ನೋ ಮಾನದಂಡದ ಪ್ರಕಾರ ಅದು 300 ಆಂಗ್‌ಸ್ಟ್ರಾಮಿಗಿಂತ ಕಡಿಮೆ ಇದ್ದರೆ ಮಾತ್ರ ಆ ಗಾಳಿ ಸೌಮ್ಯ. ಅಂದರೆ 30 ನ್ಯಾನೋಮೀಟರ್, ತಲೆಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ತೆಳು. ಸೀಸ ಬಿಟ್ಟು ಬೆಸುಗೆ ಹಾಕೋ ನಿಯಮ 2006ರಲ್ಲಿ ಯುರೋಪಿನಲ್ಲಿ ಜಾರಿಗೆ ಬಂದ ಮೇಲೆ, ಬೆಳ್ಳಿ ಲೇಪದ ಬೋರ್ಡುಗಳು ಗಂಧಕದ ಗಾಳಿ ಇರೋ ಊರುಗಳಲ್ಲಿ ಕೆಟ್ಟಿದ್ದೂ ಉಂಟು. ಕೊಳಚೆ ಕಾಲುವೆಯ ಪಕ್ಕ ಮನೆ ಮಾಡಿರೋರ ಕಾಲ್ಗೆಜ್ಜೆ ಬೇಗ ಕಪ್ಪಾಗೋದರ ಕಾರಣವೂ ಅದೇ ಗಾಳಿ. ಸರ್ವರಿಗೆ ಇಷ್ಟು ಕಾಳಜಿ ಮಾಡೋ ನಾವು ಮನೆಯ ಯಂತ್ರಕ್ಕೆ "ಹಳೇದಾಯ್ತು" ಅನ್ನೋ ಒಂದೇ ಪದದ ವರದಿ ಬರೆದು ಮುಗಿಸ್ತೀವಿ.

ಆ ರಿಪೇರಿ ಅಂಗಡಿಯವರ ಬಗ್ಗೆಯೂ ಒಂದು ಮಾತು. ಅವರನ್ನ ಮೋಸಗಾರರು ಅಂದುಬಿಡೋದು ಸುಲಭ. ಆದರೆ ಅವರು ಒಂದು ಗಂಟೆ ಕೂತು, ಒಂದೊಂದೇ ಹಂತ ಪರೀಕ್ಷೆ ಮಾಡಿ, "ಇದು ರಿಲೇ, ಕಿಲುಬು ಹಿಡಿದಿದೆ, ತೊಳೆದೆ, 600 ಕೊಡಿ" ಅಂದಿದ್ದರೆ ನಮ್ಮಲ್ಲಿ ಎಷ್ಟು ಜನ ಕೊಡ್ತಿದ್ದೆವು? "ತೊಳೆಯೋಕೆ ಆರುನೂರಾ?" ಅಂತ ಗಲಾಟೆ ಮಾಡ್ತಿದ್ದೆವು. ಹೊಸ ಪಾರ್ಟು ತೋರಿಸಿ ಮೂರು ಸಾವಿರ ಕೇಳಿದರೆ ಚೌಕಾಸಿ ಮಾಡಿಯಾದರೂ ಕೊಡ್ತೀವಿ. ನಾವು ಸಾಮಾನಿಗೆ ದುಡ್ಡು ಕೊಡ್ತೀವಿ, ತಿಳಿವಳಿಕೆಗೆ ಕೊಡೋದಿಲ್ಲ. ಹಾಗಾಗಿ ಅವರೂ ತಿಳಿವಳಿಕೆ ಮಾರೋದು ಬಿಟ್ಟು ಸಾಮಾನು ಮಾರೋಕೆ ಶುರುಮಾಡ್ತಾರೆ. ಪಾರ್ಟಿನ ಹೆಸರು ಹೇಳೋಕೆ ಆಗದ ಪ್ರಾಮಾಣಿಕರು ಅಂಗಡಿ ಮುಚ್ಚಿ ಊರಿಗೆ ಹೋಗ್ತಾರೆ. ನಮ್ಮೂರ ಭಜನಾ ಮಂದಿರದ ಆಂಪ್ಲಿಫೈಯರ್ ನೋಡ್ತಿದ್ದ ರೇಡಿಯೋ ರಿಪೇರಿಯವರು ಈಗ ಮೊಬೈಲ್ ಕವರ್ ಮಾರ್ತಿದ್ದಾರೆ.

ವಿಚಿತ್ರ ಏನಂದ್ರೆ, ನಾನು, ಮತ್ತು ಇದನ್ನ ಓದ್ತಿರೋ ನಿಮ್ಮಲ್ಲಿ ಬಹಳ ಜನ, ಬದುಕ್ತಿರೋದೇ ಗಂಟೆಯ ಲೆಕ್ಕದಲ್ಲಿ. ದೋಷ ಹುಡುಕೋಕೆ ಎರಡು ದಿನ, ಒಂದು ಸಾಲು ತಿದ್ದೋಕೆ ಎರಡು ನಿಮಿಷ. ಕ್ಲೈಂಟಿಗೆ ಬಿಲ್ಲು ಎರಡು ದಿನದ್ದು. ಅದು ನ್ಯಾಯವಾದ ಬಿಲ್ಲೇ, ಯಾಕಂದ್ರೆ ಯಾವ ಸಾಲು ತಿದ್ದಬೇಕು ಅಂತ ಗೊತ್ತುಮಾಡೋದೇ ಕೆಲಸ. ಅದೇ ನ್ಯಾಯವನ್ನ ಬೆಸುಗೆ ಕಡ್ಡಿ ಹಿಡಿದವರಿಗೂ ಕೊಡಬೇಕಲ್ಲ? ಮುಂದಿನ ಸಲ ರಿಪೇರಿಗೆ ಹೋದಾಗ "ಏನು ಹಾಕಿದ್ರಿ?" ಅಂತ ಕೇಳೋ ಮೊದಲು "ಏನು ಕಂಡುಹಿಡಿದ್ರಿ?" ಅಂತ ಕೇಳಿ. ಉತ್ತರ ಸರಿಯಾಗಿದ್ದರೆ, ಅವರು ಒಂದು ಹನಿ ದ್ರವ ಬಿಟ್ಟು ಬೇರೇನೂ ಬಳಸದಿದ್ದರೂ, ಚೌಕಾಸಿ ಮಾಡದೇ ದುಡ್ಡು ಕೊಡಿ.